ಕಿವಿ ಗಾಡಿಯ ನಾಲ್ಕು ಗಾಲಿ

ನಮ್ಮ ಸಂಸ್ಥೆಗೆ ಹೊಸ ಕ್ಯಾರವಾನ್ ಬಂದಿದೆಯಂತೆ. ಗುಂಡಿ ಒತ್ತಿದರೆ ತಾನೇ ಕಾಲು ಚಾಚುತ್ತದೆ, ತಾನೇ ಮಟ್ಟ ನೋಡಿಕೊಳ್ಳುತ್ತದೆ, ಎಲ್ಲಿ ವಾಲಿದೆ ಅನ್ನುವುದನ್ನು ಮೊಬೈಲಿಗೆ ಹೇಳುತ್ತದೆ. ಅದನ್ನು ನೋಡಿಕೊಳ್ಳಲು ಹೊಸದಾಗಿ ಸೇರಿದ ಫಿಟರ್ ಒಬ್ಬಳು ನನಗೆ ಫೋನ್ ಮಾಡಿ, "ಕಾಕಾ, ಹಳೇ ಗಾಡಿಗೆ ನೀವು ಏನೇನ ಮಾಡತಿದ್ರಿ, ಒಂದೀಟ ಬರದ ಕೊಡ್ರಿ" ಎಂದಳು. ಬಡ್ತಿಯ ಮಾತು ಬರೆಯಲು ನನ್ನ ಹತ್ತಿರ ಇಲ್ಲ. ಫಿಟರ್ ಆಗಿ ಸೇರಿದೆ, ಫಿಟರ್ ಆಗಿಯೇ ಹೊರಗೆ ಬಂದೆ. ಆದರೆ ಆ ನಾಲ್ಕು ಗಾಲಿ ನನ್ನನ್ನು ಎಷ್ಟು ಆಟ ಆಡಿಸಿದವು ಎಂಬುದು ಬರೆಯುವ ಸಂಗತಿ.

ನನ್ನ ಹೆಸರು ಈರಪ್ಪ. ಅಪ್ಪ ಹುಕ್ಕೇರಿ ಕಡೆಯಿಂದ ಇಚಲಕರಂಜಿಗೆ ಪವರ್‌ಲೂಮಿನ ಕೆಲಸಕ್ಕೆ ಬಂದವನು. ನಾನು ಅದೇ ಶೆಡ್ಡುಗಳಲ್ಲಿ ಜಾಬರ್ ಆದೆ. ಜಾಬರ್ ಅಂದರೆ ಕೆಟ್ಟು ನಿಂತ ಮಗ್ಗವನ್ನು ಮತ್ತೆ ಓಡಿಸುವವನು. ಆಮೇಲೆ ಕೊಲ್ಲಾಪುರದಲ್ಲಿ ಕಬ್ಬಿನ ಟ್ರಾಲಿ ಮಾಡುವ ಕಡೆ ಕೆಲವು ವರ್ಷ. ಅಲ್ಲಿಂದ ಈ ಸಂಸ್ಥೆ. ಸಂಸ್ಥೆಯ ಹತ್ತಿರ ಎರಡು ಅಚ್ಚಿನ ಬಿಳೀ ಕ್ಯಾರವಾನ್ ಇತ್ತು. ಅದಕ್ಕೆ ಸ್ವಂತ ಎಂಜಿನ್ ಇಲ್ಲ, ಟ್ರಕ್ಕು ಎಳೆಯಬೇಕು. ಒಳಗೆ ದಪ್ಪ ಗೋಡೆಯ ಒಂದು ಸಣ್ಣ ಕೋಣೆ. ಜನ ಅದರಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪೀಂ ಅಂದಾಗ ಗುಂಡಿ ಒತ್ತಬೇಕು. ಹಳ್ಳಿ ಹಳ್ಳಿಗೆ ಹೋಗಿ ಕಿವಿ ತಪಾಸಣೆ ಮಾಡುವ ಗಾಡಿ ಅದು. ಜನ ಅದಕ್ಕೆ ಕಿವಿ ಗಾಡಿ ಅಂತಲೇ ಹೆಸರಿಟ್ಟಿದ್ದರು.

ತಪಾಸಣೆ ಮಾಡುವವರು ವೈಶಾಲಿ ಮೇಡಂ. ಕೊಲ್ಲಾಪುರದವರು, ಮನೆ ಮಾತು ಮರಾಠಿ, ಕನ್ನಡವನ್ನು ಸಾಲಿನಲ್ಲಿ ನಿಂತ ಮುದುಕಿಯರಿಂದ ಕಲಿತವರು. ಗಾಡಿಗಳ ಮೇಲ್ವಿಚಾರಕರು ಸಾವಂತ ಸಾಹೇಬರು. ನನ್ನ ಕೆಲಸ ಗಾಡಿಯನ್ನು ನಿಲ್ಲಿಸುವುದು, ಜಾಕ್ ಹಚ್ಚಿ ಮಟ್ಟ ಮಾಡುವುದು, ಗಾಲಿಗೆ ಬೀಗ ಹಾಕುವುದು. ಟ್ರಕ್ಕು ಗಾಡಿಯನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿತ್ತು. ನಾನು ಸೇರುವ ಮುಂಚೆ ಒಂದು ಊರಲ್ಲಿ ಯಾರೋ ಗಾಲಿಗಳನ್ನೇ ಬಿಚ್ಚಿಕೊಂಡು ಹೋಗಿದ್ದರು. ಅದಕ್ಕೇ ಬೀಗ.

ಇದು ಬಾಗಿಲಿಗೆ ಹಾಕುವಂಥ ಬೀಗ ಅಲ್ಲ. ಊಟದ ತಾಟಿನಷ್ಟು ಅಗಲದ ಕಬ್ಬಿಣದ ಬಿಲ್ಲೆ, ಅದಕ್ಕೆ ಹೆಬ್ಬೆರಳು ದಪ್ಪದ ಒಂದು ಬೋಲ್ಟು. ರಿಮ್ಮಿನಲ್ಲಿ ಸುತ್ತಲೂ ತೂತುಗಳಿರುತ್ತವೆ. ಬೋಲ್ಟು ಒಂದು ತೂತಿನಲ್ಲಿ ತೂರಿ, ಹಿಂದೆ ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಬೆಸೆದ ಗೂಡಿನಲ್ಲಿ ಕೂತರೆ ಗಾಲಿ ತಿರುಗುವುದಿಲ್ಲ. ಬಿಲ್ಲೆ ನಟ್ಟುಗಳನ್ನು ಮುಚ್ಚುವುದರಿಂದ ಬಿಚ್ಚಲೂ ಬರುವುದಿಲ್ಲ. ತೂತು ಸರಿಯಾಗಿ ಗೂಡಿನ ಎದುರಿಗೆ ಬಂದು ನಿಲ್ಲಬೇಕು, ಇಷ್ಟೇ ಶರತ್ತು.

ಎಡಗಡೆ ಎರಡು ಗಾಲಿ, ಎರಡು ಬೀಗ, ಬಲಗಡೆಗೂ ಅಷ್ಟೇ; ಮೊದಲು ಎಡಗಡೆಯದು. ಮೊದಲ ದಿನ ಟ್ರಕ್ಕಿನ ಡ್ರೈವರ್ ದತ್ತೂಗೆ "ಒಂದ ಬೆರಳ ಮುಂದ, ಅರ್ಧ ಬೆರಳ ಹಿಂದ" ಅನ್ನುತ್ತಾ ಮುಂದಿನ ಗಾಲಿಯ ತೂತನ್ನು ಗೂಡಿಗೆ ತಂದೆ. ಬೋಲ್ಟು ಸರಕ್ಕನೆ ಕೂತಿತು. ಖುಷಿಯಾಗಿ ಹಿಂದಿನ ಗಾಲಿಗೆ ಹೋದರೆ ಅಲ್ಲಿ ಗೂಡಿನ ಎದುರಿಗೆ ತೂತಿಲ್ಲ, ಬರೀ ಲೋಹ. ಹಿಂದಿನದನ್ನು ಸರಿಮಾಡಲು ಗಾಡಿ ಸರಿಸಿದರೆ ಮುಂದಿನದು ತಪ್ಪುತ್ತಿತ್ತು. ಊಟದ ಹೊತ್ತಿನವರೆಗೂ ಇದೇ ನಡೆಯಿತು. ದತ್ತೂ ಸ್ಟೀರಿಂಗಿನ ಮೇಲೆ ತಲೆ ಇಟ್ಟು, "ಈರಪ್ಪಾ, ನಾ ಪಂಢರಪುರಕ್ಕ ಹೋಗಿ ಬರೂವಷ್ಟ ಗಾಡಿ ಹೊಡದೇನಿ, ಆದ್ರ ಇನ್ನೂ ಇದ ಜಾಗಾದಾಗ ಅದೀನಿ" ಅಂದ.

ನನಗೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು. ಮರುದಿನ ಎರಡೂ ಗಾಲಿಯ ನೆತ್ತಿಯ ಮೇಲೆ ಸುಣ್ಣದ ಗೆರೆ ಎಳೆದೆ. ಕೊಲ್ಲಾಪುರದ ಅಂಗಳದಲ್ಲಿ ಎರಡೂ ಗೆರೆ ಆಕಾಶ ನೋಡುತ್ತಿದ್ದವು. ಕಾಗಲ್ ದಾಟುವಷ್ಟರಲ್ಲಿ ಒಂದು ಆಕಾಶ ನೋಡುತ್ತಿತ್ತು, ಇನ್ನೊಂದು ರಸ್ತೆ ನೋಡುತ್ತಿತ್ತು. ಒಂದೇ ಗಾಡಿಯ ಕೆಳಗೆ ಒಂದೇ ದಾರಿ ತುಳಿದ ಎರಡು ಗಾಲಿ ಯಾಕೆ ಸರಿಸಮ ಉರುಳುವುದಿಲ್ಲ? ಹಗ್ಗ ಸುತ್ತಿ ಅಳೆದೆ. ಹಿಂದಿನ ಟಯರು ಕೂದಲೆಳೆಯಷ್ಟು ಹೆಚ್ಚು ಸವೆದಿತ್ತು, ಹಾಗಾಗಿ ಅದರ ಸುತ್ತು ಸಣ್ಣದು. ಸಾವಿರ ಸುತ್ತು ಉರುಳಿದರೆ ಆ ಕೂದಲೆಳೆ ಕೂಡುತ್ತಾ ಮಾರು ದೂರ ಆಗುತ್ತದೆ. ಜೊತೆಗೆ ತಿರುವುಗಳಲ್ಲಿ ಎರಡೂ ಗಾಲಿ ಬೇರೆ ಬೇರೆ ಗೆರೆ ತುಳಿಯುತ್ತವೆ. ಅಂದರೆ ಎರಡು ತೂತೂ ಒಟ್ಟಿಗೆ ಗೂಡಿಗೆ ಬರುವುದನ್ನು ಕಾಯುತ್ತ ಕೂತರೆ ಜನ್ಮ ಮುಗಿಯುತ್ತದೆ.

ದಾರಿ ಹೊಳೆದದ್ದು ಸೈಕಲ್ ರಿಪೇರಿಯವನನ್ನು ನೋಡಿ. ಅವನು ಸೈಕಲ್ ಎತ್ತಿ ಹಿಡಿದು ಗಾಲಿ ತಿರುಗಿಸುತ್ತಿದ್ದ. ನಾನೂ ಮುಂದಿನ ಗಾಲಿಗೆ ಬೀಗ ಹಾಕಿ, ಹಿಂದಿನದನ್ನು ಜಾಕಿನಿಂದ ನೆಲದಿಂದ ಎರಡು ಬೆರಳು ಎತ್ತಿದೆ. ಹ್ಯಾಂಡ್‌ಬ್ರೇಕ್ ಬಿಟ್ಟೆ. ಗಾಲಿ ಕೈಯಲ್ಲಿ ಹಗುರಾಗಿ ತಿರುಗಿತು. ತೂತು ಗೂಡಿಗೆ ಬಂತು, ಬೋಲ್ಟು ಹೋಯಿತು. ಸಾವಂತ ಸಾಹೇಬರು ಬಗ್ಗಿ ನೋಡಿ, "ಜಾಕ್ ಎಲ್ಲಿ ಹಚ್ಚಿದಿ?" ಅಂತ ಅದನ್ನೊಂದೇ ಕೇಳಿದರು. ಅಚ್ಚಿನ ಕೊಳವೆಗೆ ಹಚ್ಚಿದರೆ ಅದು ಬಗ್ಗುತ್ತದೆ, ಚಾಸಿಯ ಗಟ್ಟಿ ಜಾಗಕ್ಕೇ ಹಚ್ಚಬೇಕು. ನಾನು ಚಾಸಿಗೇ ಹಚ್ಚಿದ್ದೆ. ಅವರು ತಲೆಯಾಡಿಸಿ ಹೋದರು. ಆ ತಲೆಯಾಡಿಕೆ ನನ್ನ ತಲೆಗೆ ಏರಿತು. ಗಡಹಿಂಗ್ಲಜದಲ್ಲಿ ಇಳಿಯಿತು.

ಗಡಹಿಂಗ್ಲಜದಲ್ಲಿ ಬಸ್ ಸ್ಟ್ಯಾಂಡಿನಿಂದ ಹಿರಣ್ಯಕೇಶಿ ಹೊಳೆಯ ಕಡೆಗೆ ಇಳಿಯುವ ಒಂದು ಬಯಲು. ನೆಲ ಹೊಳೆಯ ಕಡೆಗೆ ಸ್ವಲ್ಪ ಇಳಿಜಾರು, ಕಣ್ಣಿಗೆ ಗೊತ್ತಾಗದಷ್ಟು. ಬೆಳಗ್ಗೆಯೇ ಜನ ಸಾಲು ಹಚ್ಚಿದ್ದರು. ದತ್ತೂ ಟ್ರಕ್ಕು ಬಿಚ್ಚಿಕೊಂಡು ಹೋಗಿಬಿಟ್ಟಿದ್ದ. ಮೇಡಂ ಒಳಗೆ ಮಷೀನು ಜೋಡಿಸುತ್ತಿದ್ದರು. ಸಾಲು ಉದ್ದವಾಗುತ್ತಿದ್ದದ್ದನ್ನು ನೋಡಿ ನಾನು ಅವಸರ ಮಾಡಿದೆ. ಮೊದಲೇ ಹಿಂದಿನ ಗಾಲಿ ಎತ್ತಿದೆ. ತಿರುಗಿಸಿದರೆ ತಿರುಗಲಿಲ್ಲ. ಹೌದಲ್ಲ, ಬ್ರೇಕ್ ಅಂದುಕೊಂಡು ಮುಂದೆ ಹೋಗಿ ಹ್ಯಾಂಡ್‌ಬ್ರೇಕ್ ಬಿಟ್ಟೆ. ಮುಂದಿನ ಗಾಲಿಯ ಬೀಗ ಇನ್ನೂ ಹುಲ್ಲಿನ ಮೇಲೆ ಬಿದ್ದಿತ್ತು.

ಗಾಡಿ ಮೊಳದಷ್ಟು ಸರಿಯಿತು. ಜಾಕ್ ವಾಲಿ ಹಾರಿತು. ಅಷ್ಟು ದೊಡ್ಡ ಪೆಟ್ಟಿಗೆ ಒಂದು ಕಡೆಗೆ ದಡ್ಡನೆ ಕುಸಿದು ಕೂತಿತು. ನಾನು ಬ್ರೇಕನ್ನು ಎರಡೂ ಕೈಯಿಂದ ಎಳೆದು ಹಿಡಿದೆ. ಒಳಗೆ ಏನೋ ಬಿದ್ದು ಒಡೆದ ಸದ್ದು ಬಂತು. ಮೇಡಂ ಬಾಗಿಲು ತೆಗೆದು ಮೊಣಕೈ ಹಿಡಿದುಕೊಂಡು ನಿಂತರು.

"ಕಾಯ್ ಝಾಲಂ, ಈರಪ್ಪಾ? ಏನಾತು?"

"ಜಾಕ್ ಜಾರಿತ್ರಿ ಮೇಡಂ" ಅಂದೆ. "ಸಾಮಾನ ಚಲೋ ಇಲ್ರಿ."

ಅವರು ನನ್ನನ್ನು ನೋಡಿದರು, ಜಾಕನ್ನು ನೋಡಿದರು, ಮತ್ತೆ ಒಳಗೆ ಹೋದರು. ತಪಾಸಣೆಯ ಮಷೀನು ನೆಲಕ್ಕೆ ಬಿದ್ದು ಒಡೆದಿತ್ತು. ಸಾಲಿನವರಿಗೆ ಮರಳಿ ಹೋಗಲು ಹೇಳಬೇಕಾಯಿತು. ಸಾಲಿನ ಮುಂದೆ ನಿಂತಿದ್ದ ಒಬ್ಬ ಕುರಿ ಕಾಯುವ ಮುದುಕ ಕಿವಿಯ ಹತ್ತಿರ ಕೈ ಹಿಡಿದು ಎರಡು ಸಲ ಕೇಳಿಸಿಕೊಂಡ. ಆಮೇಲೆ, "ಇವತ್ತ ಕುರಿ ಮಗಳ ಕೈಯಾಗ ಬಿಟ್ಟ ಬಂದೇನ್ರಿ. ನಾಳೆ ಆಕಿ ಬಿಡಂಗಿಲ್ಲ" ಅಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಅವನು ಎಷ್ಟು ದೂರದಿಂದ ನಡೆದು ಬಂದಿದ್ದನೋ ನಾನು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ.

ಮರುದಿನ ಸಾವಂತ ಸಾಹೇಬರು ಬಂದರು. ಜಾಕನ್ನು ತಿರುಗಿಸಿ ತಿರುಗಿಸಿ ನೋಡಿ, "ಇಂಥಾ ಜಾಕ್ ಮಾರಿದವಗ ಕೇಳ್ತೇನಿ" ಅಂತ ಜೀಪಿನಲ್ಲಿ ಹಾಕಿಕೊಂಡರು. ಆ ಜಾಕ್ ತಪ್ಪೇನೂ ಮಾಡಿರಲಿಲ್ಲ. ನಾಲ್ಕನೆಯ ದಿನ ಕೊಲ್ಲಾಪುರಕ್ಕೆ ಹೋಗಿ ಸಾಹೇಬರ ಟೇಬಲ್ಲಿನ ಮುಂದೆ ನಿಂತೆ. ಮೇಡಂ ಕೂಡ ಅಲ್ಲೇ ಕೂತಿದ್ದರು.

"ಸಾಹೇಬ್ರ, ಜಾಕ್ ಜಾರಲಿಲ್ರಿ. ಬೀಗ ಹಾಕದ ನಾನ ಬ್ರೇಕ್ ಬಿಟ್ಟೆ."

ಸಾಹೇಬರು ಕನ್ನಡಕ ತೆಗೆದಿಟ್ಟರು. ಬೈಯುತ್ತಾರೆ, ಮನೆಗೆ ಕಳಿಸುತ್ತಾರೆ ಅಂದುಕೊಂಡಿದ್ದೆ. "ಸುರುವಿಂದ ಹೇಳು" ಅಂದರು. "ಮೊದಲ ಏನ ಮಾಡಿದಿ? ಆಮ್ಯಾಲೆ ಏನ ಮಾಡಿದಿ? ಕೈ ಎಲ್ಲಿತ್ತು? ನಿಂತಿದ್ದೆಲ್ಲಿ?" ಅವರು ಅದನ್ನು ಮೂರು ಸಲ ಹೇಳಿಸಿದರು. ಮೂರನೆಯ ಸಲ ಹೇಳುವಾಗ ನನಗೇ ನನ್ನ ತಪ್ಪು ಕಣ್ಣ ಮುಂದೆ ಕಂಡಿತು. ಆಮೇಲೆ ಬಣ್ಣದ ಡಬ್ಬಿ ತರಿಸಿ, ಗಾಡಿಯ ಮೂತಿಯ ಮೇಲೆ, ಬ್ರೇಕಿನ ಹಿಡಿಕೆಯ ಪಕ್ಕದಲ್ಲೇ, ನನ್ನ ಕೈಯಿಂದಲೇ ಬರೆಸಿದರು: ಒಳಗೆ ಯಾರೂ ಇಲ್ಲ. ಮುಂದಿನ ಬೀಗ. ಜಾಕ್. ಬ್ರೇಕ್. ಹಿಂದಿನ ಬೀಗ. ಅದರ ಕೆಳಗೆ ಮರಾಠಿಯಲ್ಲಿ ಅವರೇ ಬರೆದರು.

ಹೊರಗೆ ಬಂದಾಗ ಮೇಡಂ ಹೇಳಿದರು, "ನನಗ ಆವತ್ತ ಗೊತ್ತಿತ್ತು. ಒಳಗ ಕುಂತಾಗ ಬ್ರೇಕಿನ ಹಲ್ಲು ಕಟ್ ಅಂದದ್ದು ಕೇಳಿತು. ಆಮ್ಯಾಲೆ ಗಾಡಿ ಹೊಂಟಿತು."

"ಮತ್ತ ಸಾಹೇಬ್ರಿಗೆ ಯಾಕ ಹೇಳಲಿಲ್ರಿ?"

"ನೀವು ಹೇಳ್ತೀರಿ ಅಂತ ಕಾಯಾಕತ್ತಿದ್ದೆ. ಇನ್ನೆರಡು ದಿನ ಬಿಟ್ಟ ನಾನ ಹೇಳತಿದ್ದೆ."

ಕುರುಂದವಾಡದ್ದು ಸಣ್ಣ ಸಂಗತಿ, ಆದರೂ ಬರೆಯುತ್ತೇನೆ. ಅಲ್ಲಿ ಕೃಷ್ಣೆಯ ದಂಡೆಯ ಕರೀ ಮಣ್ಣು. ಜಾಕ್ ಒತ್ತಿದರೆ ಗಾಡಿ ಮೇಲೆ ಏಳುವ ಬದಲು ಜಾಕೇ ಕೆಳಗೆ ಇಳಿಯುತ್ತಿತ್ತು. ಹಲಗೆ ಇಟ್ಟೆ, ಹಲಗೆಯೂ ಇಳಿಯಿತು. ದಂಡೆಯಲ್ಲಿ ದೋಣಿಗೆ ಡಾಂಬರು ಬಳಿಯುತ್ತಿದ್ದ ಒಬ್ಬ ನಾವಾಡಿ, ಅಂದರೆ ಅಂಬಿಗ, ಬಹಳ ಹೊತ್ತಿನಿಂದ ನೋಡುತ್ತಿದ್ದ. "ಎತ್ತೂದು ಯಾವ ಗಾಲಿ?" ಅಂತ ಕೇಳಿದ. ಹಿಂದಿನದು ಅಂದೆ. "ಹಂಗಾರ ಮುಂದಿನ ಗಾಲೀನ ಹಲಗಿ ಮ್ಯಾಲ ಹತ್ತಸ್ರಿ" ಅಂದ. ದತ್ತೂ ಟ್ರಕ್ಕಿನಿಂದ ಎಳೆದು ಮುಂದಿನ ಗಾಲಿಯನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿದ. ಹಿಂದಿನ ಗಾಲಿ ತಾನಾಗಿಯೇ ಗಾಳಿಯಲ್ಲಿ ತೂಗಿತು. ಎರಡು ಅಚ್ಚು ಹತ್ತಿರ ಹತ್ತಿರ ಇರುವ ಗಾಡಿಯಲ್ಲಿ ಒಂದನ್ನು ಏರಿಸಿದರೆ ಇನ್ನೊಂದು ಏಳುತ್ತದೆ. ಅಷ್ಟು ವರ್ಷ ಗಾಡಿಯ ಕೆಳಗೆ ಮಲಗಿದ ನನಗೆ ಇದು ಹೊಳೆದಿರಲಿಲ್ಲ. ಗಾಡಿಯನ್ನೇ ಮೊದಲ ಸಲ ನೋಡಿದವನಿಗೆ ಹೊಳೆದಿತ್ತು. ಮೆತ್ತಗಿನ ನೆಲ ಸಿಕ್ಕಲ್ಲೆಲ್ಲ ಆಮೇಲೆ ನಾನು ಹಾಗೆಯೇ ಮಾಡಿದೆ.

ಈಗ ಯಡ್ರಾವದ ವಿಷಯ. ನನ್ನ ನೌಕರಿಯಲ್ಲಿ ನನಗೆ ಮುಖ್ಯವಾದದ್ದು ಇದೇ.

ಯಡ್ರಾವದಲ್ಲಿ ಗಲ್ಲಿಯ ಎರಡೂ ಕಡೆ ಪವರ್‌ಲೂಮ್ ಶೆಡ್ಡುಗಳು. ಖಟಾಖಟ ಶಬ್ದ ಹಗಲೂ ರಾತ್ರಿ ನಿಲ್ಲುವುದಿಲ್ಲ. ಅಲ್ಲಿಯ ಜನಕ್ಕೇ ಕಿವಿ ತಪಾಸಣೆ ಹೆಚ್ಚು ಬೇಕಾದದ್ದು. ಶೆಡ್ಡುಗಳ ನಡುವಿನ ಖಾಲಿ ಜಾಗದಲ್ಲಿ ಗಾಡಿ ನಿಲ್ಲಿಸಿದೆ. ಬೀಗ ಹಾಕಿದೆ. ನಾಲ್ಕು ಮೂಲೆಗೆ ಕಬ್ಬಿಣದ ಕಾಲು ಇಳಿಸಿ, ಗಾಡಿಯ ಭಾರವನ್ನೆಲ್ಲ ಕಾಲಿನ ಮೇಲೆ ತಂದು, ಬಂಡೆಯ ಹಾಗೆ ಗಟ್ಟಿ ಮಾಡಿದೆ. ಒಳಗೆ ಯಾರು ಓಡಾಡಿದರೂ ಅಲುಗುತ್ತಿರಲಿಲ್ಲ. ಅಷ್ಟು ಚಂದ ನಾನು ಎಲ್ಲೂ ನಿಲ್ಲಿಸಿರಲಿಲ್ಲ. ಒಂದು ವಾರ ತಪಾಸಣೆ ನಡೆಯಿತು. ಯಾರಿಗೆ ಎಷ್ಟು ಕೇಳುತ್ತದೆ ಅಂತ ಮೇಡಂ ಚೀಟಿ ಬರೆದು ಕೊಟ್ಟರು. ಬೇಕಾದವರಿಗೆ ಕಿವಿಗೆ ಹಾಕುವ ಮಷೀನು ಕೊಟ್ಟರು.

ಎರಡು ತಿಂಗಳ ಮೇಲೆ ಮತ್ತೆ ಅದೇ ಜಾಗಕ್ಕೆ ಹೋದೆವು. ಮೊದಲ ದಿನವೇ ಕಸ್ತೂರಿ ಅನ್ನುವ ಹೆಂಗಸು ಬಂದಳು. ಮಗ್ಗಕ್ಕೆ ನೂಲಿನ ಕಾಂಡಿ, ಅಂದರೆ ಉರುಳೆ, ಸುತ್ತುವ ಕೆಲಸದವಳು, ಐವತ್ತು ದಾಟಿರಬೇಕು, ಮೂಲ ರಾಯಬಾಗದ ಕಡೆ. ಕಿವಿಯ ಮಷೀನನ್ನು ಸೆರಗಿನ ತುದಿಗೆ ಗಂಟು ಕಟ್ಟಿ ತಂದಿದ್ದಳು.

"ಮೇಡಂ, ಇದನ್ನ ತಗೋರಿ. ಇದ ಹಾಕ್ಕೊಂಡ್ರ ತಲಿ ಒಳಗ ಮಗ್ಗ ಓಡತಾವ."

"ಸುರುವಿಗೆ ಹಂಗ ಅನಸತೈತಿ ಕಸ್ತೂರಿಬಾಯಿ, ರೂಢಿ ಆಗಬೇಕು."

"ಎರಡ ತಿಂಗಳ ಹಾಕ್ಕೊಂಡೇನ್ರಿ. ಮಂದಿ ಮಾತ ಕೇಳೂದಿಲ್ಲ, ಬರೇ ಗುಂಯ್ ಅಂತೈತಿ. ಉಳದವರೂ ಹಂಗ ಅಂತಾರ. ನಿಮಗ ಬ್ಯಾಸರಾಗತೈತಿ ಅಂತ ಯಾರೂ ಹೇಳವಲ್ರು."

ಮೇಡಂ ಹಳೆಯ ಚೀಟಿಗಳ ನಕಲುಗಳನ್ನು ಹರಡಿಕೊಂಡು ಕೂತರು. ಬಹಳ ಹೊತ್ತು ನೋಡಿ ನನ್ನನ್ನು ಕರೆದರು. "ಈರಪ್ಪಾ, ಮಗ್ಗದ ಶಬ್ದದಾಗ ಇದ್ದವರಿಗೆ ಮೊದಲ ಹೋಗೂದು ಸಣ್ಣ ಸ್ವರ, ಹಕ್ಕಿ ಕೂಗಿನಂಥಾದ್ದು. ದಪ್ಪ ಸ್ವರ ಉಳೀತಾವ. ಇಲ್ಲಿ ಎಲ್ಲಾರಿಗೂ ದಪ್ಪ ಸ್ವರಾನೂ ಹೋಗ್ಯಾವು ಅಂತ ಬಂದೈತಿ. ಒಬ್ಬರಿಗೆ ಆಗಬಹುದು. ಇಡೀ ಗಲ್ಲಿಗೆ ಹೆಂಗ?" ತಪಾಸಣೆಯ ಮಷೀನು ಕೆಟ್ಟಿದೆಯೇ ಅಂದರೆ ಕೊಲ್ಲಾಪುರದಲ್ಲಿ ನೋಡಿದಾಗ ಸರಿಯಾಗಿತ್ತು. ಕೊನೆಗೆ ಅವರೇ ಕೋಣೆಯಲ್ಲಿ ಕೂತು ತಮ್ಮ ಕಿವಿಯನ್ನು ತಾವೇ ಪರೀಕ್ಷೆ ಮಾಡಿಕೊಂಡರು. ಹೊರಗೆ ಬಂದವರ ಮುಖ ಇಳಿದಿತ್ತು. "ಇದರ ಪ್ರಕಾರ ನಾನೂ ಕಿವುಡಿ" ಅಂದರು.

ನಾನು ಗಾಡಿಯ ಕೆಳಗೆ ಹೋದೆ. ಯಾಕೆ ಹೋದೆ ಅಂದರೆ, ಏನೂ ತಿಳಿಯದಾಗ ನಾನು ಹೋಗುವುದು ಅಲ್ಲಿಗೇ. ಮೂಲೆಯ ಕಬ್ಬಿಣದ ಕಾಲಿಗೆ ಅಂಗೈ ಹಚ್ಚಿದೆ. ಖಟ್, ಖಟ್, ಖಟ್. ಜಾಬರ್ ಆಗಿದ್ದ ಕೈಗೆ ಆ ಬಡಿತ ಗೊತ್ತು. ಪಕ್ಕದ ಶೆಡ್ಡಿನ ಮಗ್ಗಗಳು ನೆಲವನ್ನು ಬಡಿಯುತ್ತಿದ್ದವು, ನೆಲ ಕಾಲನ್ನು ಬಡಿಯುತ್ತಿತ್ತು, ಕಾಲು ಚಾಸಿಯನ್ನು, ಚಾಸಿ ಕೋಣೆಯನ್ನು. ಗಾಳಿಯಲ್ಲಿ ಬರುವ ಶಬ್ದಕ್ಕೆ ದಪ್ಪ ಗೋಡೆ ಕಟ್ಟಿದ್ದರು. ನೆಲದಿಂದ ಬರುವ ಶಬ್ದಕ್ಕೆ ನಾನೇ ನಾಲ್ಕು ಮೆಟ್ಟಿಲು ಕಟ್ಟಿ ಕೊಟ್ಟಿದ್ದೆ. ಅಗಲ ತಟ್ಟೆಯಂಥ ಒಂದು ಪರಾತದಲ್ಲಿ ನೀರು ತುಂಬಿ ಕೋಣೆಯ ನೆಲದ ಮೇಲೆ ಇಟ್ಟೆ. ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು, ಮಗ್ಗದ ತಾಳಕ್ಕೆ ಸರಿಯಾಗಿ, ನಿಲ್ಲದೆ ಏಳುತ್ತಿದ್ದವು. ಮೇಡಂ ಮಂಡಿಯೂರಿ ಕೂತು ಅದನ್ನು ನೋಡಿದರು. "ಈ ಗುಂಯ್ ಶಬ್ದ ದಪ್ಪ ಸ್ವರಾನ ಮುಚ್ಚೈತಿ, ಅವು ಹೋಗ್ಯಾವು ಅಂತ ತಿಳದ ನಾ ಕಿವಿ ಮಷೀನಿನಾಗ ಅವನ್ನ ಜೋರ ಮಾಡಿ ಕೊಟ್ಟೇನಿ" ಅಂದರು.

ಕಬ್ಬಿಣದ ಕಾಲುಗಳನ್ನು ಮೇಲೆತ್ತಿ ಭಾರವನ್ನೆಲ್ಲ ಟಯರಿಗೆ ಬಿಟ್ಟೆ. ಬಳೆಗಳು ಕಡಿಮೆಯಾದವು, ಆದರೆ ಯಾರಾದರೂ ಹೆಜ್ಜೆ ಇಟ್ಟರೆ ಗಾಡಿ ತೊಟ್ಟಿಲಿನ ಹಾಗೆ ತೂಗಿತು. ಬೀಗ ಗಾಲಿಯನ್ನು ಉರುಳಲು ಬಿಡುವುದಿಲ್ಲ, ತೂಗುವುದನ್ನು ತಡೆಯುವುದಿಲ್ಲ. ಕಾಲಿನ ಕೆಳಗೆ ಟಯರ್ ತುಂಡು ಇಟ್ಟೆ. ಮರಳಿನ ಚೀಲ ಇಟ್ಟೆ. ಪ್ರತಿ ಸಲ ಪರಾತ ನೋಡುವುದು, ಮತ್ತೆ ಕೆಳಗೆ ಹೋಗುವುದು. ಕಸ್ತೂರಿ ಮನೆಗೆ ಹೋಗದೆ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು.

"ಅಣ್ಣಾ, ನಮ್ಮ ಮನೀ ಗ್ವಾಡಿ ಆಕಡೆ ಶೆಡ್ಡ ಐತಿ" ಅಂದಳು. "ಮಂಚ ನಡಗತೈತಿ ಅಂತ ನಾವು ಮಂಚದ ಕಾಲಿನ ಬುಡಕ ಸೂತಿನ ಚಿಂದಿ ಗಂಟ ಇಟ್ಟೇವಿ. ಅದನ್ನ ಇಟ್ಟ ನೋಡ್ರಿ."

ಮಗ್ಗದಲ್ಲಿ ಉಳಿಯುವ ನೂಲಿನ ಚಿಂದಿ ಆ ಊರಲ್ಲಿ ಕೇಳಿದಷ್ಟು ಸಿಗುತ್ತದೆ. ಗೋಣಿಚೀಲದಲ್ಲಿ ಬಿಗಿಯಾಗಿ ತುಂಬಿ, ಮೇಲೆ ಹಲಗೆ ಇಟ್ಟು, ಅದರ ಮೇಲೆ ಕಾಲು ಇಳಿಸಿದೆ, ಅರ್ಧ ಭಾರ ಟಯರಿಗೆ, ಅರ್ಧ ಭಾರ ಚೀಲಕ್ಕೆ ಬರುವ ಹಾಗೆ. ಒಳಗೆ ಹೋಗಿ ನೋಡಿದರೆ ಪರಾತದ ನೀರಿನಲ್ಲಿ ಚಾವಣಿಯ ಬಲ್ಬು ಒಂಚೂರೂ ಅಲುಗದೆ ಕಾಣುತ್ತಿತ್ತು. ಮೇಡಂ ಮತ್ತೆ ತಮ್ಮ ಕಿವಿ ನೋಡಿಕೊಂಡರು. ಈ ಸಲ ಎಲ್ಲ ಸ್ವರ ಕೇಳಿದವು.

ಆದರೆ ಕೊಟ್ಟ ಚೀಟಿಗಳು? ಸಾವಂತ ಸಾಹೇಬರು ಬಂದರು, ಪರಾತ ನೋಡಿದರು, ಚೀಟಿಗಳ ಕಟ್ಟು ನೋಡಿದರು. ಸಂಸ್ಥೆಯ ಹೆಸರು ಕೆಡುತ್ತದೆ, ಹೇಳದೆಯೇ ಇನ್ನೊಂದು ಸಲ ತಪಾಸಣೆ ಅಂತ ಕರೆಯಬಹುದು ಅಂದರು. ಆಮೇಲೆ ತಾವೇ ತಲೆಯಾಡಿಸಿದರು. "ನಕೋ, ಬ್ಯಾಡ. ಬರೂದಿಲ್ಲ ಅಂದವರ ಕಡೆ ತಪ್ಪ ಚೀಟಿ ಹಂಗ ಉಳೀತಾವ. ಮನಿ ಮನಿಗೆ ಹೋಗಿ ತಪ್ಪು ನಮ್ಮದು ಅಂತ ಹೇಳಬೇಕು."

"ಗಾಡಿ ನಿಲ್ಲಿಸಿದವ ನಾನ್ರಿ, ನಾನ ಹೇಳ್ತೇನಿ" ಅಂದೆ.

ಮಗ್ಗದ ಸದ್ದಿನಲ್ಲಿ ತಪ್ಪು ಒಪ್ಪಿಕೊಳ್ಳುವುದು ಕಷ್ಟದ ಕೆಲಸ, ಕೂಗಿ ಒಪ್ಪಿಕೊಳ್ಳಬೇಕಾಗುತ್ತದೆ. ಮನೆ ಮನೆಯ ಬಾಗಿಲಲ್ಲಿ ನಿಂತು, "ಆವತ್ತಿನ ಚೀಟಿ ತಪ್ಪ ಐತ್ರಿ, ನಿಮ್ಮ ಕಿವಿ ಅಷ್ಟ ಹೋಗಿಲ್ಲ" ಅಂತ ಕೂಗಿದೆ. ಕೆಲವರು ನಕ್ಕರು. ಒಬ್ಬ ನಗಲಿಲ್ಲ. ಆ ಚೀಟಿ ನೋಡಿ ಮಾಲಕ ಅವನನ್ನು ಮಗ್ಗದಿಂದ ಇಳಿಸಿ ಬಟ್ಟೆಯ ಗಂಟು ಹೊರುವುದಕ್ಕೆ ಹಾಕಿದ್ದ. ಮೇಡಂ ಹೊಸ ಚೀಟಿ ಹಿಡಿದು ಅವನ ಜೊತೆ ಮಾಲಕನ ಹತ್ತಿರ ಹೋದರು. ಮಗ್ಗ ಮರಳಿ ಸಿಕ್ಕಿತು, ಆದರೆ ಅವನ ಹಳೆಯ ಒಳ್ಳೆಯ ಮಗ್ಗಗಳಲ್ಲ, ಮೂಲೆಯಲ್ಲಿದ್ದ ಹಳೇ ಸಾಮಾನು. ಅವನು ಆಮೇಲೆ ನನ್ನ ಕೂಡ ಮಾತಾಡಲಿಲ್ಲ. ನಾನೂ ಮಾತಾಡಿಸು ಅನ್ನಲಿಲ್ಲ.

ಮರುತಪಾಸಣೆಗೆ ಮೊದಲು ಬಂದವಳು ಕಸ್ತೂರಿ. ನಾನು ಅವತ್ತು ಗಾಡಿಯ ಬಾಗಿಲಲ್ಲೇ ನಿಂತಿದ್ದೆ, ಯಾರೂ ಹತ್ತಿ ಇಳಿದು ಅಲುಗಿಸಬಾರದು ಅಂತ. ತಪಾಸಣೆ ಮುಗಿಯಿತು. ಸಣ್ಣ ಸ್ವರಗಳು ನಿಜವಾಗಿಯೂ ಹೋಗಿದ್ದವು, ದಪ್ಪ ಸ್ವರ ಗಟ್ಟಿಯಾಗಿದ್ದವು. ಮೇಡಂ ಕೋಣೆಯ ಗಾಜಿನ ಕಿಟಕಿಯಿಂದ ಕೈ ಸನ್ನೆ ಮಾಡಿ ಹೊರಗೆ ಬಾ ಅಂದರು. ಅವಳು ಬರಲಿಲ್ಲ. ಮೇಡಂ ನನ್ನನ್ನೂ ಕರೆದು ಕೋಣೆಯ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಕಸ್ತೂರಿ ಹೆಡ್‌ಫೋನ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಏನಾತ್ರಿ?"

"ಏನೋ ಕೇಳಸಾಕತ್ತೇತ್ರಿ."

"ಮಷೀನ್ ಬಂದ್ ಮಾಡೇನಲ್ಲ."

"ಮಷೀನ್ ಅಲ್ರಿ. ಸುಯ್ ಅಂತ ಬರತೈತಿ, ಹೋಗತೈತಿ. ಮತ್ತ ಬರತೈತಿ."

ಮೇಡಂ ಗೋಡೆಗೆ ಕಿವಿ ಹಚ್ಚಿದರು. ಪರಾತ ನೋಡಿದರು. ನೀರು ನಿಂತಿತ್ತು. ಮತ್ತೆ ಎಲ್ಲಿ ತಪ್ಪಿದೆನೋ ಅಂತ ನಾನು ಕೋಣೆಯ ನೆಲಕ್ಕೆ ಅಂಗೈ ಹಚ್ಚಿದೆ. ಆಮೇಲೆ ಮೇಡಂ ಅವಳ ಮುಂದೆ ಕೂತು, "ಕಸ್ತೂರಿಬಾಯಿ, ಒಂದೀಟ ಉಸರ ಹಿಡೀರಿ" ಅಂದರು.

ಅವಳು ಹಿಡಿದಳು. "ನಿಂತತ್ರಿ" ಅಂತ ಕೈಯಿಂದ ತೋರಿಸಿದಳು. ಉಸಿರು ಬಿಟ್ಟಳು. ಬಿಟ್ಟದ್ದೇ ಕಣ್ಣು ಅಗಲ ಮಾಡಿದಳು. ಮೂವತ್ತು ವರ್ಷ ಶೆಡ್ಡಿನಲ್ಲಿ ಮಗ್ಗ, ಮನೆಗೆ ಬಂದರೆ ಗೋಡೆಯ ಆಚೆ ಮಗ್ಗ. ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೇಳಿದಳು, "ಇದು ನಂದ?"

"ನಿಮ್ಮದ."

"ಇನ್ನೊಂದೀಟ ಕುಂಡರಲಿ?"

ಮೇಡಂ ಎದ್ದು ನನ್ನ ಜೊತೆ ಹೊರಗೆ ಬಂದು ಕೋಣೆಯ ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದರು. ಸಾಲಿನಲ್ಲಿದ್ದವರು ಯಾಕೆ ಇಷ್ಟು ತಡ ಅಂತ ನನ್ನನ್ನು ಕೇಳಿದರು.

"ತಪಾಸಣಿ ಇನ್ನೂ ಮುಗದಿಲ್ರಿ" ಅಂದೆ.